ಆಂಬೋಲಿಯ ಮಂಜಿನಲ್ಲಿ ಕೆಂಪು ತಂತಿ, ಕಪ್ಪು ತಂತಿ

ಅಪ್ಪನ ಊರು ಸಂಕೇಶ್ವರ. ಹಿರಣ್ಯಕೇಶಿಯಲ್ಲಿ ಈಜು ಕಲಿತವರು, ಆದರೆ ಆ ನದಿ ಹುಟ್ಟುವ ಜಾಗ ನೋಡಿರಲಿಲ್ಲ. ಎಪ್ಪತ್ತೆಂಟು ವರ್ಷವಾದ ಮೇಲೆ ಆ ಆಸೆ ಬಂತು. ಜುಲೈನ ಒಂದು ಶನಿವಾರ ಪುಣೆಯಿಂದ ಹೊರಟು, ರಾತ್ರಿ ಸಂಕೇಶ್ವರದಲ್ಲಿ ತಂಗಿ, ಮರುದಿನ ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಸೇರಿದೆವು. ಗುಡಿಯ ಗುಹೆಯಿಂದ ನೀರು ಸದ್ದಿಲ್ಲದೆ ಹೊರಬರುತ್ತದೆ. ಅಪ್ಪ ಒಂದು ಬಾಟಲಿ ತುಂಬಿಸಿಕೊಂಡರು.

ಎಡವಟ್ಟಾಗಿದ್ದು ಆಮೇಲೆ, ಘಾಟಿನ ಜಲಪಾತದ ಹತ್ತಿರ. ಮಂಜಿಗೆಂದು ಹಚ್ಚಿದ್ದ ದೀಪ ಆರಿಸದೆ ಇಳಿದಿದ್ದೆ. ಒಂದೂವರೆ ಗಂಟೆ ಬಿಟ್ಟು ಬಂದು ಕೀಲಿ ತಿರುಗಿಸಿದರೆ ಟಕ್ ಟಕ್ ಅಷ್ಟೇ. ಬ್ಯಾಟರಿಗೆ ಐದು ವರ್ಷವಾಗಿತ್ತು, ಅದರದ್ದೂ ತಪ್ಪಿಲ್ಲ.

ರಸ್ತೆ ಸಾವಂತವಾಡಿ ಕಡೆಗೆ ಇಳಿಜಾರು. ಕಾರನ್ನು ಹಾಗೇ ಉರುಳಿಸಿ ಸೆಕೆಂಡ್ ಗೇರಿಗೆ ಹಾಕಿದರಾಯಿತು ಎಂದು ಹ್ಯಾಂಡ್‌ಬ್ರೇಕ್ ಬಿಡುವುದರಲ್ಲಿದ್ದೆ. ಅಪ್ಪ ಪಕ್ಕದ ಸೀಟಿನಲ್ಲಿದ್ದರು.

"ಸರ, ಏನ್ ಮಾಡಾಕತ್ತೀರಿ?" ಕೆಎ ೨೨ ನಂಬರಿನ ಜೀಪಿನವ ಕಿಟಕಿ ಬಡಿದ. "ಎಂಜಿನ್ ಬಂದಿದ್ರ ನಾಕ್ ಸಲ ಒತ್ತೂದ್ರಾಗ ಬ್ರೇಕ್ ಕಲ್ಲಾಗತೈತಿ. ಸ್ಟೇರಿಂಗೂ ತಿರಗಂಗಿಲ್ಲ. ಈ ಮಂಜಿನ್ಯಾಗ ಮುದುಕರನ್ನ ಕುಂದರಿಸ್ಕೊಂಡ!"

ನನಗೆ ಮೈ ತಣ್ಣಗಾಯಿತು.

ಅವನ ಹತ್ತಿರ ದಪ್ಪ ಕೇಬಲ್ ಇತ್ತು. ಎರಡೂ ಬ್ಯಾಟರಿ ಹನ್ನೆರಡು ವೋಲ್ಟಿನವೇ ಎಂದು ನೋಡಿದ. ನಮ್ಮದು ಬಿರುಕು ಬಿಟ್ಟಿದೆಯೇ, ಸೋರಿದೆಯೇ ಎಂದೂ. ಸೋರುತ್ತಿದ್ದರೆ ಮುಟ್ಟುತ್ತಿರಲಿಲ್ಲವಂತೆ. ಗಾಡಿಗಳು ಒಂದಕ್ಕೊಂದು ತಾಗದಂತೆ ಜೀಪು ನಿಲ್ಲಿಸಿ, ಎರಡನ್ನೂ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್, ದೀಪ, ಎಸಿ ಎಲ್ಲ ಬಂದ್ ಮಾಡಿಸಿದ. ಕೆಂಪು ಕ್ಲಿಪ್ ಮೊದಲು ನಮ್ಮ ಪ್ಲಸ್‌ಗೆ, ಅದರ ಇನ್ನೊಂದು ತುದಿ ಜೀಪಿನ ಪ್ಲಸ್‌ಗೆ. ಕಪ್ಪು ಜೀಪಿನ ಮೈನಸ್‌ಗೆ. ಉಳಿದ ಕಪ್ಪು ತುದಿಯನ್ನು ನಾನು ಜಾಣನಂತೆ ನಮ್ಮ ಮೈನಸ್‌ಗೆ ಒಯ್ದೆ. ಕೈ ಹಿಡಿದ.

"ಅಲ್ಲೆ ಬ್ಯಾಡ್ರಿ. ಕಿಡಿ ಹಾರೂದು ಕಡೀ ಕ್ಲಿಪ್ಪಿಗೇ. ಬ್ಯಾಟರಿ ಬಾಜೂಕ ಗ್ಯಾಸ್ ಇರತೈತಿ, ಮಾರಿಗೆ ಸಿಡೀತೈತಿ."

ಆ ಗ್ಯಾಸೆಂದರೆ ಹೈಡ್ರೋಜನ್. ಶಾಲೆಯಲ್ಲಿ ಓದಿದ್ದೆ, ಬಾನೆಟ್ ಕೆಳಗೆ ನೆನಪಾಗಿರಲಿಲ್ಲ. ಬ್ಯಾಟರಿಯಿಂದ ದೂರ, ಎಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ ಅದನ್ನು ಕಚ್ಚಿಸಿದ. ಸಣ್ಣ ಕಿಡಿ ಹಾರಿತು ಕೂಡ. ಜೀಪು ಚಾಲೂ ಮಾಡಿ ಐದು ನಿಮಿಷ ಬಿಟ್ಟ. ಆ ಐದು ನಿಮಿಷ ಅಪ್ಪ ಅವನ ಊರು, ಮನೆತನ, ಮಳೆ ಎಲ್ಲ ವಿಚಾರಿಸಿದರು. ಆಮೇಲೆ ನಮ್ಮ ಕಾರು ಒಂದೇ ಏಟಿಗೆ ಎದ್ದಿತು. ಹಾಕಿದ್ದಕ್ಕೆ ತಿರುಗಾಮುರುಗಾ ಕ್ಲಿಪ್ ತೆಗೆದ, ಬೋಲ್ಟಿನದು ಮೊದಲು.

ದುಡ್ಡು ಮುಟ್ಟಲಿಲ್ಲ. "ಅರ್ಧಾ ತಾಸರೆ ಬಂದ್ ಮಾಡದ ಹೊಡೀರಿ" ಎಂದಷ್ಟೇ ಹೇಳಿ ಮಂಜಿನಲ್ಲಿ ಮರೆಯಾದ.

ಸಂಕೇಶ್ವರದ ಸೇತುವೆ ಹತ್ತಿರ ಅಪ್ಪ ನಿಲ್ಲಿಸು ಎಂದರು. ಅರ್ಧ ತಾಸು ಯಾವಾಗಲೋ ದಾಟಿತ್ತು, ಆದರೂ ನನಗೆ ಕೀಲಿ ತಿರುಗಿಸುವ ಧೈರ್ಯ ಬರಲಿಲ್ಲ. ಎಂಜಿನ್ ಗುರ್ ಎನ್ನುತ್ತಲೇ ಇತ್ತು. ಅವರು ಬಾಟಲಿ ಹಿಡಿದು ಮೆಲ್ಲಗೆ ಹೊಳೆಯ ಕಡೆ ನಡೆದರು.