ವಾಲ್ಯೂಮಿನ ಗುಂಡಿ ಯಾರ ಕೈಯಲ್ಲಿ?

ನಾವು ಯಾವ ಸಂಗೀತ ಕೇಳುತ್ತೇವೆ ಎಂದು ಯಾರಾದರೂ ವಿಚಾರಿಸಿದರೆ ಉತ್ತರ ಹೇಳುವುದು ಸುಲಭವಲ್ಲ. ಗಝಲ್ ಎಂದರೆ ಜನರಿಗೆ ಅರ್ಥವಾಗುತ್ತದೆ. ಖವ್ವಾಲಿ ಎಂದರೆ ತಲೆದೂಗುತ್ತಾರೆ. ಹಳೆಯ ಹಿಂದಿ ಹಾಡುಗಳೆಂದರೆ ಒಂದೆರಡು ಸಾಲು ಗುನುಗಿಯೇ ಬಿಡುತ್ತಾರೆ. ‘ಇಂಡಸ್ಟ್ರಿಯಲ್ ಸಂಗೀತ’ ಎಂದರೆ ಮುಖ ಮುಖ ನೋಡುತ್ತಾರೆ. ಹೆಸರೇ ಹೇಳುವಂತೆ ಅದು ಕಾರ್ಖಾನೆಯ ಸಂಗೀತ. ತಗಡು ಬಡಿಯುವ ಸದ್ದು, ಡ್ರಿಲ್ಲಿಂಗ್ ಯಂತ್ರದ ಕೊರೆತ, ರೇಡಿಯೋದ ಕರಕರ, ಟೇಪಿನಲ್ಲಿ ತುಂಡು ತುಂಡಾಗಿ ಕೇಳುವ ಮನುಷ್ಯರ ಮಾತು, ಇವೇ ಅದರ ಸ್ವರಗಳು. ಅದರ ಹತ್ತಿರದ ಸಂಬಂಧಿ ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್, ಚಿಕ್ಕದಾಗಿ ಇಬಿಎಂ. ಡ್ರಮ್ ಮೆಷಿನ್ ಮತ್ತು ಸಿಂಥಸೈಸರ್‌ನ ಬಿಡುವಿಲ್ಲದ ಬಡಿತ ಅದು. ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ನಮ್ಮ ಬಾಡಿಗೆ ಕೋಣೆಗೆ ಬಂದಿದ್ದ ಹಿರಿಯರೊಬ್ಬರು ಐದು ನಿಮಿಷ ತಾಳ್ಮೆಯಿಂದ ಕೇಳಿ, “ಎಂಥದು ಮಾರಾಯ್ರೆ ಇದು, ರೈಸ್‌ಮಿಲ್ಲಾ?” ಎಂದಿದ್ದರು. ಈ ಸಂಗೀತದ ಬಗ್ಗೆ ನಾವು ಕೇಳಿದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು.

ನಾವೆಂದರೆ ನಾಲ್ಕು ಮಂದಿ. ಕರಾವಳಿಯಿಂದ ಬೆಂಗಳೂರಿಗೆ ಓದಲು, ಆಮೇಲೆ ದುಡಿಯಲು ಹೋದವರು. ನಮ್ಮಲ್ಲಿಬ್ಬರು ಬೆಳೆದದ್ದು ಹಂಚಿನ ಕಾರ್ಖಾನೆಯ ಮಗ್ಗುಲಲ್ಲಿ. ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವರು. ಯಂತ್ರಕ್ಕೂ ಒಂದು ತಾಳವಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಉಕ್ಕಿನ ಊರು. ಅಲ್ಲಿ 1973ರಲ್ಲಿ ಕ್ಯಾಬರೆ ವೋಲ್ಟೇರ್ ಎಂಬ ತಂಡ ಕಟ್ಟಿದ ಹುಡುಗರ ಕಥೆಯನ್ನು ಮೊದಲ ಬಾರಿ ಓದಿದಾಗ ಅವರಿಬ್ಬರೂ “ಇದು ನಮ್ಮ ಊರಿನ ಕಥೆಯೇ” ಎಂದಿದ್ದರು. ಅಂದ ಹಾಗೆ ಆ ತಂಡದ ಕ್ರಿಸ್ ವಾಟ್ಸನ್ ಮುಂದೆ ಹಕ್ಕಿಗಳ, ಕಾಡುಪ್ರಾಣಿಗಳ ಸದ್ದು ಮುದ್ರಿಸುವುದರಲ್ಲಿ ಹೆಸರು ಮಾಡಿದ. ಡೇವಿಡ್ ಅಟೆನ್‌ಬರೋ ಅವರ ಚಿತ್ರಗಳಿಗೂ ಕೆಲಸ ಮಾಡಿದ. ಕಾರ್ಖಾನೆಯ ಗದ್ದಲದಲ್ಲಿ ಪಳಗಿದ ಕಿವಿಗೆ ಕಾಡಿನ ಮೌನವೂ ಚೆನ್ನಾಗಿ ಕೇಳಿಸಿತು.

‘ಇಂಡಸ್ಟ್ರಿಯಲ್’ ಎಂಬ ಹೆಸರು ಬಂದದ್ದು ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡದಿಂದ. 1976ರಲ್ಲಿ ಅವರು ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸ್ವಂತ ಕಂಪೆನಿ ಶುರುಮಾಡಿದರು. ದೊಡ್ಡ ಕಂಪೆನಿಗಳ ಬಾಗಿಲು ತಟ್ಟುವ ಗೋಜಿಗೆ ಹೋಗಲಿಲ್ಲ. ತಮ್ಮ ಕಾರ್ಯಕ್ರಮಗಳನ್ನು ತಾವೇ ಮುದ್ರಿಸಿ, ಕ್ಯಾಸೆಟ್ ಮಾಡಿ, ಅಂಚೆಯಲ್ಲಿ ಕಳಿಸುತ್ತಿದ್ದರು. ಕೇಳಿದವರು ಇನ್ನೊಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಮತ್ತೊಬ್ಬರಿಗೆ ಕಳಿಸುತ್ತಿದ್ದರು. ಹೀಗೆ ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ದೇಶದಿಂದ ಇನ್ನೊಂದಕ್ಕೆ ಈ ಸಂಗೀತ ಹರಡಿತು. ಕ್ಯಾಸೆಟ್ಟಿನೊಂದಿಗೆ ಕಾಗದವೂ ಇರುತ್ತಿತ್ತು. ಕೇಳಿದ್ದೇನು, ಅನ್ನಿಸಿದ್ದೇನು, ಜಗಳ ಯಾಕೆ ಎಂಬುದೆಲ್ಲ ಅದರಲ್ಲಿ. ಸಂಗೀತ ಮತ್ತು ಅದರ ಕುರಿತ ವಾದ ಒಂದೇ ಲಕೋಟೆಯಲ್ಲಿ ಬರುತ್ತಿದ್ದುದು ಈ ಪ್ರಕಾರದ ವಿಶೇಷ.

ವಾದಕ್ಕೆ ಕಾರಣಗಳೂ ಇದ್ದವು. ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನ ಲಾಂಛನವಾಗಿ ಬಳಸಿದ್ದು ಆಶ್ವಿಟ್ಜ್‌ನ ಫೋಟೋ. ಯಹೂದಿಗಳನ್ನು ಲಕ್ಷಗಟ್ಟಲೆ ಕೊಂದ ನಾಝಿ ಶಿಬಿರದ ಚಿಮಣಿ. ತಮ್ಮ ಸ್ಟುಡಿಯೋವನ್ನು ಅವರು ‘ಡೆತ್ ಫ್ಯಾಕ್ಟರಿ’, ಸಾವಿನ ಕಾರ್ಖಾನೆ ಎಂದು ಕರೆದರು. ಜರ್ಮನಿಯ ಡಿಎಎಫ್ 1981ರಲ್ಲಿ ಮುಸೊಲಿನಿಯ ಹೆಸರಿನಲ್ಲೇ ಕುಣಿತದ ಹಾಡು ಮಾಡಿತು. ಬೆಲ್ಜಿಯಮ್ಮಿನ ಫ್ರಂಟ್ 242 ವೇದಿಕೆ ಹತ್ತುತ್ತಿದ್ದುದು ಸೈನಿಕರ ದಿರಿಸಿನಲ್ಲಿ. ಇದು ಫ್ಯಾಸಿಸಮ್ಮಿನ ಗೇಲಿಯೋ, ಎಚ್ಚರಿಕೆಯೋ ಅಥವಾ ಬರೀ ಚಪಲವೋ? ಅಭಿಮಾನಿಗಳು ಈ ಪ್ರಶ್ನೆಯನ್ನು ನಾಲ್ಕು ದಶಕ ಅರೆದಿದ್ದಾರೆ. ಮೂರೂ ಇತ್ತು ಎಂಬುದು ನಮ್ಮ ಅಭಿಪ್ರಾಯ. ಬೇರೆಯವರ ಸಾವಿನ ಗುರುತನ್ನು ಲಾಂಛನ ಮಾಡಿಕೊಳ್ಳುವುದರಲ್ಲಿ ಒಂದು ಬಗೆಯ ಸಸಾರ ಇದ್ದೇ ಇದೆ. ಆದರೆ ಬೇರೆಯವರು ಮುಚ್ಚಿಡಲು ಬಯಸಿದ್ದನ್ನು ಕಣ್ಣೆದುರು ತಂದಿಟ್ಟವರೂ ಅವರೇ.

ಇಬಿಎಂ ನಮ್ಮ ಪಕ್ಕದ ಮನೆಯವರೆಗೂ ಬಂದಿತ್ತೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾರವಾರ ದಾಟಿದರೆ ಗೋವಾ. ಅಲ್ಲಿನ ಅಂಜುನಾ ಕಡಲತೀರದಲ್ಲಿ ವಿದೇಶೀಯರ ರಾತ್ರಿ ಕೂಟಗಳಲ್ಲಿ 1980ರ ದಶಕದ ನಡುವಿನಲ್ಲಿ ರಾಕ್ ಹಾಡುಗಳ ಜಾಗಕ್ಕೆ ಈ ಯುರೋಪಿನ ಯಂತ್ರಸಂಗೀತ ಬಂತು. ಧೂಳು, ಸೆಕೆ, ಉಪ್ಪುಗಾಳಿಯ ನಡುವೆ ಗ್ರಾಮಫೋನ್ ತಟ್ಟೆಗಳು ಬಾಳುವುದಿಲ್ಲ. ಹಾಗಾಗಿ ಎಲ್ಲವೂ ಕ್ಯಾಸೆಟ್. ಹಾಡಿನ ಮಾತುಗಳನ್ನು ಕತ್ತರಿಸಿ ತೆಗೆದು, ಬಡಿತವನ್ನಷ್ಟೇ ಉಳಿಸಿಕೊಂಡು ನುಡಿಸುತ್ತಿದ್ದರು. ಮುಂದೆ ‘ಗೋವಾ ಟ್ರಾನ್ಸ್’ ಎಂದು ಹೆಸರಾದದ್ದರ ಬೇರು ಅಲ್ಲಿದೆ. ಮಾತು ಕತ್ತರಿಸಿದ್ದು ನಮಗೆ ಅಷ್ಟು ಹಿಡಿಸದ ಸಂಗತಿ. ಮಾತು ಹೋದರೆ ಜಗಳವೂ ಹೋಗುತ್ತದೆ.

ನಮ್ಮ ಕೋಣೆಯಲ್ಲಿ ಮಾತ್ರ ಜಗಳಕ್ಕೆ ಬರವಿರಲಿಲ್ಲ. ಅದಕ್ಕೆ ಕಾರಣನಾದವನು ಮ್ಯಾಂಚೆಸ್ಟರಿನ ಬ್ರಿನ್ ಜೋನ್ಸ್. ಸಂಗೀತಕ್ಕಾಗಿ ಅವನು ಇಟ್ಟುಕೊಂಡ ಹೆಸರು ‘ಮುಸ್ಲಿಮ್‌ಗಾಝ್’. ಮಸ್ಲಿನ್ ಬಟ್ಟೆ ಮತ್ತು ಗಾಯಕ್ಕೆ ಕಟ್ಟುವ ಗಾಝ್, ಈ ಎರಡರ ಮೇಲೆ ಮಾಡಿದ ಶ್ಲೇಷೆ. ಹುಟ್ಟಿದ್ದು 1961ರಲ್ಲಿ. 1982ರಲ್ಲಿ ಇಸ್ರೇಲ್ ಲೆಬನಾನಿನ ಮೇಲೆ ದಂಡೆತ್ತಿ ಹೋದದ್ದು ಅವನನ್ನು ಕಲಕಿತು. ಅಲ್ಲಿಂದ 1999ರ ಜನವರಿಯಲ್ಲಿ, 37ನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಳ್ಳುವವರೆಗೆ ಅವನು ಮಾಡಿದ್ದೆಲ್ಲವೂ ಫೆಲೆಸ್ತೀನ್ ಮತ್ತು ಮುಸ್ಲಿಂ ಜಗತ್ತಿನ ಕುರಿತಾದ ಸಂಗೀತ. ಅವನು ಮುಸ್ಲಿಮನಲ್ಲ. ಅರಬ್ ನಾಡಿಗೆ ಕಾಲಿಟ್ಟವನಲ್ಲ. ಆಕ್ರಮಿತ ನೆಲಕ್ಕೆ ತಾನು ಹೋಗುವುದಿಲ್ಲ ಎನ್ನುತ್ತಿದ್ದ. ಅವನ ಸಂಗೀತದಲ್ಲಿ ಹಾಡುಗಾರಿಕೆಯಿಲ್ಲ. ಡೋಲು, ತಮಟೆ, ಮುರಿದ ಟೇಪು, ಎಲ್ಲೋ ದೂರದಲ್ಲಿ ಯಾರೋ ಮಾತಾಡುವ ಸದ್ದು. ರಾಜಕೀಯವೆಲ್ಲ ಆಲ್ಬಂನ ಹೆಸರಿನಲ್ಲಿ, ಹೊದಿಕೆಯ ಚಿತ್ರದಲ್ಲಿ. ಮುದ್ರಿಸಿದ ಟೇಪುಗಳನ್ನು ಕಂಪೆನಿಗಳಿಗೆ ಒಂದರ ಹಿಂದೊಂದು ಕಳಿಸುತ್ತಲೇ ಇದ್ದ. ಆಮ್ಸ್ಟರ್‌ಡ್ಯಾಮ್‌ನ ಸ್ಟಾಲ್‌ಪ್ಲಾಟ್ ಕಂಪೆನಿ ಅವನು ಸತ್ತ ಮೇಲೂ ಅವನ್ನು ಹೊರತರುತ್ತಾ ಹೋಯಿತು. ಒಟ್ಟು ಆಲ್ಬಂಗಳು ನೂರನ್ನು ಎಂದೋ ಮೀರಿವೆ. ಅನೇಕವು ಕೆಲವೇ ನೂರು ಪ್ರತಿಗಳಲ್ಲಿ ಬಂದವು. ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲ. ನಮಗೆ ಸಿಕ್ಕಿದ್ದು ಹೊರದೇಶದಲ್ಲಿ ದುಡಿಯುತ್ತಿದ್ದ ಗೆಳೆಯರ ಗೆಳೆಯರು ಸಿ.ಡಿ.ಗೆ ಇಳಿಸಿ ತಂದುಕೊಟ್ಟ ಪ್ರತಿಗಳು. ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು, ಒಮ್ಮೊಮ್ಮೆ ಅದೂ ತಪ್ಪು.

ಅವನ 1986ರ ಒಂದು ಆಲ್ಬಂನ ಹೆಸರು ‘ಹಜ್’. ಅದು ಕೈಗೆ ಬಂದ ದಿನ ಜಗಳ ಶುರು. ಹಜ್ಜಿಗೆ ಹೋಗಿ ಬಂದವರು ಮನೆಮನೆಗೆ ಹಂಚುವ ಝಮ್‌ಝಮ್ ನೀರು, ಖರ್ಜೂರ ತಿಂದು ಬೆಳೆದವರು ನಾವು. ಆ ಪದ ಡ್ರಮ್ ಮೆಷಿನ್ನಿನ ಮೇಲೆ ಬರೆದಿಡುವಂಥದ್ದೇ ಎಂದು ಒಬ್ಬ ಸಿಡಿದ. ಭಾಷೆ ಬಾರದ, ನೆಲ ಕಾಣದ ಮನುಷ್ಯನೊಬ್ಬ ನಮ್ಮ ಶಬ್ದಗಳನ್ನು ಅಲಂಕಾರಕ್ಕೆ ಎತ್ತಿಕೊಂಡಿದ್ದಾನೆ, ಇದೂ ಒಂದು ಬಗೆಯ ವಸಾಹತು ಎಂಬುದು ಅವನ ವಾದ. ಇನ್ನೊಬ್ಬ ಒಪ್ಪಲಿಲ್ಲ. “ಫೆಲೆಸ್ತೀನಿನ ಬಗ್ಗೆ ನಮ್ಮಲ್ಲಿ ಯಾರು ಹದಿನೇಳು ವರ್ಷ ಬಿಡದೆ ಏನಾದರೂ ಮಾಡಿದ್ದೇವೆ ಹೇಳು” ಎಂದು ಕೇಳಿದ. ಅದಕ್ಕೆ ಉತ್ತರ ಇರಲಿಲ್ಲ. ಅಷ್ಟಕ್ಕೂ ಅವನೇನು ಹಣ ಮಾಡಿದವನಲ್ಲ, ಮೆರೆದವನೂ ಅಲ್ಲ. ವೇದಿಕೆ ಹತ್ತಿದ್ದೇ ಅಪರೂಪ.

ಆದರೂ ಅವನನ್ನು ಪೂರ್ತಿ ಒಪ್ಪಿಕೊಳ್ಳಲು ನಮ್ಮಿಂದಾಗಲಿಲ್ಲ. 1993ರಲ್ಲಿ ಬಂದ ಆಲ್ಬಂಗಳ ಹೆಸರಿನಲ್ಲಿ ಒಂದೆಡೆ ಹಿಝ್ಬುಲ್ಲಾ, ಇನ್ನೊಂದೆಡೆ ಹಮಾಸ್. ಮತ್ತೆ ಕೆಲವದರಲ್ಲಿ ಇರಾನ್, ಅಫ್ಘಾನಿಸ್ತಾನ, ಭಾರತ. ಎಲ್ಲವೂ ಒಂದೇ ಚೀಲದಲ್ಲಿ. ನೂರು ಕೋಟಿ ಜನ, ಅವರೊಳಗಿನ ಭಿನ್ನಾಭಿಪ್ರಾಯ, ಅವರೊಳಗಿನ ಅನ್ಯಾಯ, ಇದ್ಯಾವುದೂ ಆ ದೂರದಿಂದ ಅವನಿಗೆ ಕಾಣಲಿಲ್ಲ. ಕಿವಿ ಬಹಳ ಸೂಕ್ಷ್ಮ, ರಾಜಕೀಯ ಬಹಳ ಒರಟು. ನಾಲ್ವರೂ ಒಪ್ಪಿದ ಒಂದೇ ತೀರ್ಮಾನ ಇದು. ಸಂಗೀತವೇ ಸಲ್ಲದು ಎನ್ನುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಈ ಚರ್ಚೆಯೇ ತಮಾಷೆ. ಇರಲಿ.

ಇಷ್ಟರವರೆಗೆ ಎಲ್ಲವೂ ಹೊಟ್ಟೆ ತುಂಬಿದವರ ಚರ್ಚೆಯೆಂದು ಯಾರಾದರೂ ಹೇಳಿದರೆ ನಮ್ಮ ತಕರಾರಿಲ್ಲ. 2014ರ ಆರಂಭದಲ್ಲಿ ಬಂದ ಸುದ್ದಿ ಮಾತ್ರ ಹಾಗಿರಲಿಲ್ಲ.

ಕೆನಡಾದ ವ್ಯಾಂಕೂವರಿನ ಸ್ಕಿನ್ನಿ ಪಪ್ಪಿ ನಮ್ಮ ಕೋಣೆಯಲ್ಲಿ ಅತಿ ಹೆಚ್ಚು ಕೇಳಿಸುತ್ತಿದ್ದ ತಂಡ. 1982ರಲ್ಲಿ ಶುರುವಾದದ್ದು. ಪ್ರಯೋಗಾಲಯಗಳಲ್ಲಿ ಪ್ರಾಣಿಗಳನ್ನು ಜೀವಂತ ಸೀಳುವುದರ ವಿರುದ್ಧ 1988ರಲ್ಲೇ ಆಲ್ಬಂ ಮಾಡಿದವರು. ಮೂಕಪ್ರಾಣಿಗಳ ನೋವನ್ನು ಕೇಳುಗನ ಮೈಗೆ ದಾಟಿಸಬೇಕೆಂದೇ ಅಷ್ಟು ಕರ್ಕಶವಾಗಿ ನುಡಿಸಿದವರು. ಅದೇ ಸಂಗೀತವನ್ನು ಗ್ವಾಂಟನಾಮೊ ಶಿಬಿರದಲ್ಲಿ ಕೈದಿಗಳನ್ನು ಹಿಂಸಿಸಲು ಬಳಸಲಾಗಿದೆ, ಕನಿಷ್ಠ ನಾಲ್ಕು ಬಾರಿ ಬಳಸಲಾಗಿದೆ ಎಂದು ತಂಡದ ಕೆವಿನ್ ಕೀ ಪತ್ರಿಕೆಗಳಿಗೆ ಹೇಳಿದ. ತಂಡವು ಅಮೆರಿಕದ ರಕ್ಷಣಾ ಇಲಾಖೆಗೆ 6,66,000 ಡಾಲರುಗಳ ಬಿಲ್ಲು ಕಳಿಸಿತು.

ಗ್ವಾಂಟನಾಮೊದಲ್ಲಿ ಸಂಗೀತವನ್ನು ಆಯುಧ ಮಾಡಿಕೊಂಡದ್ದು ಹೊಸ ಸಂಗತಿಯಾಗಿರಲಿಲ್ಲ. ಶಿಬಿರ ಶುರುವಾದದ್ದು 2002ರ ಜನವರಿಯಲ್ಲಿ. ಇಂಗ್ಲೆಂಡಿನ ಟಿಪ್ಟನ್‌ನ ರುಹಾಲ್ ಅಹ್ಮದ್ ಅಲ್ಲಿ ಎರಡು ವರ್ಷ ಇದ್ದು 2004ರಲ್ಲಿ ಹೊರಬಂದ. ಕೈಕಾಲು ನೆಲಕ್ಕೆ ಬಿಗಿದಿದ್ದಾಗಲೂ ಮನಸ್ಸನ್ನು ಬೇರೆ ಕಡೆ ತಿರುಗಿಸಬಹುದಿತ್ತು, ಸಂಗೀತ ಹಾಕತೊಡಗಿದ ಮೇಲೆ ಅದೂ ಆಗಲಿಲ್ಲ, ಹುಚ್ಚು ಹಿಡಿದಂತಾಗುತ್ತಿತ್ತು ಎಂದು ಅವನು ಹೇಳಿದ್ದಾನೆ. ಮಾರಿಟಾನಿಯಾದ ಮುಹಮ್ಮದು ಊಲ್ದ್ ಸ್ಲಾಹಿ ಯಾವ ಆರೋಪಪಟ್ಟಿಯೂ ಇಲ್ಲದೆ 2016ರವರೆಗೆ ಅಲ್ಲಿದ್ದವನು. ಕತ್ತಲ ಕೋಣೆ, ಮಿನುಗುವ ದೀಪ, ಕಿವಿ ಹರಿಯುವ ಹಾಡು, ನಿದ್ದೆಯಿಲ್ಲದ ದಿನಗಳು, ಎಲ್ಲವನ್ನೂ ಶಿಬಿರದಲ್ಲೇ ಕೈಯಾರೆ ಬರೆದ. 2015ರಲ್ಲಿ ಅದು ಪುಸ್ತಕವಾಯಿತು, ಅಧಿಕಾರಿಗಳು ಕಪ್ಪು ಪಟ್ಟಿ ಎಳೆದ ಸಾಲುಗಳ ಸಮೇತ. ಈ ಬಗೆಯ ಹಿಂಸೆಯ ಅನುಕೂಲವೇನೆಂದರೆ ಮೈಮೇಲೆ ಗುರುತು ಉಳಿಯುವುದಿಲ್ಲ. ನ್ಯಾಯಾಲಯದಲ್ಲಿ ಅಂಗಿ ಬಿಚ್ಚಿ ತೋರಿಸಲು ಏನೂ ಇರುವುದಿಲ್ಲ. “ಹಾಡು ಕೇಳಿಸಿದರು” ಎಂದರೆ ಕೇಳಿದವರು ನಕ್ಕುಬಿಡಬಹುದು.

ಕರ್ಕಶ ಸಂಗೀತವಾದ್ದರಿಂದ ಹೀಗಾಯಿತು ಎಂದು ಭಾವಿಸಬೇಕಿಲ್ಲ. ಚಿಕ್ಕ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಹಾಡುಗಳನ್ನೂ ಬಳಸಿದ್ದರು. ಅದಕ್ಕೆ ಹಾಡು ಕಟ್ಟಿದ ಕ್ರಿಸ್ಟೋಫರ್ ಸರ್ಫ್ ಅದನ್ನು ತಿಳಿದು ದಂಗಾಗಿ ಕಾರಣ ಹುಡುಕುತ್ತಾ ಹೋದದ್ದನ್ನು ಅಲ್ ಜಝೀರಾ 2012ರಲ್ಲಿ ಸಾಕ್ಷ್ಯಚಿತ್ರ ಮಾಡಿದೆ. ಮಕ್ಕಳಿಗೆ ಅಕ್ಷರ ಕಲಿಸುವ ಹಾಡೂ ಚಿತ್ರಹಿಂಸೆಯಾಗಬಹುದಾದರೆ ದೋಷ ರಾಗದ್ದಲ್ಲ. ನಮ್ಮ ಕೋಣೆಯಲ್ಲಿ ನಾವು ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಕೇಳುತ್ತಿದ್ದೆವು, ಸಾಕೆನಿಸಿದಾಗ ಯಾರೋ ಒಬ್ಬರು ಎದ್ದು ಗುಂಡಿ ತಿರುಗಿಸುತ್ತಿದ್ದರು. ಆ ಗುಂಡಿಯನ್ನು ಕೇಳುಗನಿಂದ ಕಿತ್ತುಕೊಂಡು ಇನ್ನೊಬ್ಬನ ಕೈಗೆ ಕೊಟ್ಟರೆ ಯಾವ ಹಾಡಾದರೂ ಸಾಕು.

ನಮ್ಮಲ್ಲಿ ಮತ್ತೆ ಜಗಳವಾಯಿತು. ಈಗ ಒಂದೇ ಕೋಣೆಯಲ್ಲಿ ಅಲ್ಲ, ಒಬ್ಬೊಬ್ಬರು ಒಂದೊಂದು ಊರಿನಿಂದ ಫೋನಿನಲ್ಲಿ. ಬಿಲ್ಲು ಕಳಿಸಿದ್ದು ಸರಿಯೇ? ಸರಿ ಎಂದವನ ವಾದ ಹೀಗಿತ್ತು: ನಿವೃತ್ತ ಅಧಿಕಾರಿಗಳ ವರದಿಗಿಂತ, ವಕೀಲರ ಅರ್ಜಿಗಿಂತ ಈ ಬಿಲ್ಲು ಹೆಚ್ಚು ಪತ್ರಿಕೆಗಳಲ್ಲಿ ಬಂತು, ಗ್ವಾಂಟನಾಮೊ ಮರೆತವರಿಗೆ ನೆನಪಾಯಿತು. ಉಳಿದವರಿಗೆ ಆ ಮೊತ್ತವೇ ಚುಚ್ಚಿತು. 666 ಬೈಬಲ್ಲಿನಲ್ಲಿ ಮೃಗದ ಸಂಖ್ಯೆ, ಅಭಿಮಾನಿಗಳಿಗೆ ನಗು ತರುವ ಅಂಕಿ. ಬಿಲ್ಲು ಯಾವುದಕ್ಕೆ? ಅನುಮತಿ ಇಲ್ಲದೆ ಹಾಡು ಬಳಸಿದ್ದಕ್ಕೆ. ಹಾಗಾದರೆ ಅನುಮತಿ ಪಡೆದು ಬಳಸಿದ್ದರೆ? ಪಾವತಿಯಾಗಲಿ ಎಂದು ಕಳಿಸಿದ ಬಿಲ್ಲು ಅದಲ್ಲ ಎಂಬುದು ನಮಗೂ ಗೊತ್ತು. ಆದರೂ ಅದರಲ್ಲಿ ಕೈದಿಯ ಹೆಸರಿಗೆ ಒಂದು ಸಾಲೂ ಇರಲಿಲ್ಲ. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಝ್ನರ್ 2008ರಲ್ಲಿ ತನ್ನ ಸಂಗೀತ ಹೀಗೆ ಬಳಕೆಯಾದುದನ್ನು ನೇರವಾಗಿ ಖಂಡಿಸಿದ್ದ. ಮರುವರ್ಷ ಆರ್.ಇ.ಎಂ., ಪರ್ಲ್ ಜ್ಯಾಮ್ ಮೊದಲಾದ ತಂಡಗಳೊಂದಿಗೆ ಸೇರಿ, ಯಾವ ಹಾಡುಗಳನ್ನು ಬಳಸಿದ್ದೀರೆಂದು ಸರಕಾರವೇ ಬಾಯಿಬಿಡಲಿ ಎಂದು ಒತ್ತಾಯಿಸಿದ್ದ. ನಮಗೆ ಆ ದಾರಿ ಹೆಚ್ಚು ಒಪ್ಪಿಗೆ.

ಇನ್ನೊಂದು ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಶಿಬಿರದ ಲಾಂಛನ ಹೊತ್ತು ಹುಟ್ಟಿದ ಸಂಗೀತ ಅದು. ಶಿಬಿರ ಹೇಗಿರುತ್ತದೆಂದು ಜನರ ಎದೆಗೆ ಬಡಿದು ಹೇಳುತ್ತೇವೆ ಎಂದು ಹೊರಟ ಸಂಗೀತ. ಮೂವತ್ತು ವರ್ಷ ತುಂಬುವುದರೊಳಗೆ ಅದೇ ಪರಂಪರೆಯ ಹಾಡು ನಿಜವಾದ ಶಿಬಿರವೊಂದರ ಸಲಕರಣೆಗಳ ಪಟ್ಟಿ ಸೇರಿತು. ಅಲ್ಲಿಗೆ ಅದನ್ನು ಒಯ್ದವರಾರು? ಕಂಪೆನಿಯಂತೂ ಅಲ್ಲ. ಯಾವನೋ ಸೈನಿಕನ ಚೀಲದಲ್ಲಿ ಹೋಗಿರಬೇಕು, ನಮ್ಮ ಸಿ.ಡಿ.ಗಳು ನಮ್ಮ ಕೋಣೆಗೆ ಬಂದ ಹಾಗೆಯೇ. ಅವನಿಗೂ ಒಬ್ಬ ಗೆಳೆಯ “ಇದನ್ನು ಕೇಳು” ಎಂದು ಕೊಟ್ಟಿರಬಹುದು.

ಸ್ಕಿನ್ನಿ ಪಪ್ಪಿ 2023ರಲ್ಲಿ ಕೊನೆಯ ಪ್ರವಾಸ ಮುಗಿಸಿತು. ಫ್ರಂಟ್ 242 2025ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಕೊನೆಯ ಬಾರಿ ವೇದಿಕೆ ಹತ್ತಿತು. ನಮ್ಮಲ್ಲಿ ಒಬ್ಬ ಸ್ಕಿನ್ನಿ ಪಪ್ಪಿಯ ಸಿ.ಡಿ.ಗಳನ್ನು 2014ರಲ್ಲಿ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದವನು ಇನ್ನೂ ಇಳಿಸಿಲ್ಲ. ಇನ್ನೊಬ್ಬ ಮೊದಲಿನಷ್ಟೇ ಜೋರಾಗಿ ಕೇಳುತ್ತಾನೆ. ಹಜ್ ಎಂಬ ಹೆಸರಿಗೆ ಸಿಡಿದಿದ್ದವನು ಗಾಝಾದ ಮೇಲೆ ಬಾಂಬು ಬೀಳತೊಡಗಿದ 2023ರ ಕೊನೆಯ ತಿಂಗಳುಗಳಲ್ಲಿ ಒಂದು ರಾತ್ರಿ ಫೋನ್ ಮಾಡಿ, ಆ ಮ್ಯಾಂಚೆಸ್ಟರಿನವನ ಹಳೆಯ ಪ್ರತಿಗಳು ಯಾರ ಬಳಿ ಉಳಿದಿವೆ ಎಂದು ವಿಚಾರಿಸಿದ. ಕಳಿಸಿಕೊಟ್ಟೆವು.