ಒಂದಿಷ್ಟು ಹೊತ್ತು ಕಾಯುವ ಲೆಕ್ಕ

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಪಾಲಕರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಮೇಷ್ಟ್ರೇ, ಈ ಕಂಪ್ಯೂಟರು, ವೈರ್‌ಲೆಸ್ಸು ಅಂತಾರಲ್ಲ, ಅದಕ್ಕೆ ಯಾವ ಕಾಲೇಜು ಒಳ್ಳೆಯದು?' ನಾನು ಕಾಲೇಜಿನ ಹೆಸರು ಬಿಟ್ಟು ಹವಾಯಿ ದ್ವೀಪಗಳ ಕಥೆ ಹೇಳುತ್ತೇನೆ. ಪಾಲಕರು ಗಡಿಯಾರ ನೋಡಿಕೊಳ್ಳುತ್ತಾರೆ, ಮಕ್ಕಳು ಕೇಳುತ್ತಾರೆ.

ಹವಾಯಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರು ಹೊನೊಲುಲುವಿನಲ್ಲಿತ್ತು. ಅದರ ಕಾಲೇಜುಗಳೋ ಬೇರೆ ಬೇರೆ ದ್ವೀಪಗಳಲ್ಲಿ, ನಡುವೆ ಪೆಸಿಫಿಕ್ ಸಾಗರ. ದೂರವಾಣಿ ತಂತಿ ದುಬಾರಿ, ಕೆಲಸವೂ ಅಷ್ಟಕ್ಕಷ್ಟೆ. ರೇಡಿಯೊ ಅಲೆಗಳಿಂದಲೇ ಏಕಾಗಬಾರದು ಎಂದು 1968ರಲ್ಲಿ ಹೊರಟಿತು ನಾರ್ಮನ್ ಅಬ್ರಾಮ್ಸನ್ ಅವರ ತಂಡ. ಈ ಪ್ರೊಫೆಸರರನ್ನು ಹವಾಯಿಗೆ ಎಳೆದದ್ದರಲ್ಲಿ ಸಮುದ್ರದಲೆಯ ಮೇಲಿನ ಹಲಗೆ ಸವಾರಿಯ ಪಾಲೂ ಇತ್ತು. ಇದನ್ನು ಪಾಲಕರ ಎದುರು ತುಸು ಮೆಲ್ಲಗೆ ಹೇಳುತ್ತೇನೆ!

ತೊಡಕು ಇದ್ದದ್ದು ಇಲ್ಲಿ. ಎಲ್ಲ ಟರ್ಮಿನಲ್‌ಗಳೂ ಕೇಂದ್ರಕ್ಕೆ ಒಂದೇ ಕಂಪನಾಂಕದಲ್ಲಿ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಎರಡೂ ಮಾತು ಹಾಳು. ನನ್ನ ಎಂಟನೇ ತರಗತಿಯಲ್ಲಿ ದಿನಾ ಆಗುವುದು ಇದೇ. ಸರದಿಯ ಮೇಲೆ ಮಾತಾಡಿಸಬಹುದಿತ್ತು. ಆದರೆ ಟರ್ಮಿನಲ್ ಮುಂದೆ ಕೂತವನು ಬಹುಪಾಲು ಹೊತ್ತು ಯೋಚಿಸುತ್ತಿರುತ್ತಾನೆ. ಸುಮ್ಮನಿದ್ದವನಿಗೂ ಸರದಿ ಕೊಟ್ಟರೆ ಸಮಯ ದಂಡ.

ತಂಡದ ಉಪಾಯ ನೋಡಿ. ಬೇಕೆನಿಸಿದಾಗ ಕಳಿಸು, ಒಮ್ಮೆಗೆ ಹೆಚ್ಚೆಂದರೆ 80 ಅಕ್ಷರ. ತಲುಪಿದರೆ ಕೇಂದ್ರ ಇನ್ನೊಂದು ಕಂಪನಾಂಕದಲ್ಲಿ 'ತಲುಪಿತು' ಎನ್ನುತ್ತದೆ. ಉತ್ತರ ಬರಲಿಲ್ಲವೆ? ಒಂದಿಷ್ಟು ಹೊತ್ತು ಕಾದು ಮತ್ತೆ ಕಳಿಸು. ಗುಟ್ಟಿರುವುದು ಆ 'ಒಂದಿಷ್ಟು' ಎಂಬಲ್ಲಿ. ಇಬ್ಬರೂ ಸಮ ಹೊತ್ತು ಕಾದರೆ ಮತ್ತೆ ಡಿಕ್ಕಿ. ಬಾಗಿಲಲ್ಲಿ 'ನೀವು ಮೊದಲು' ಎಂದು ನಿಂತು, ಒಟ್ಟಿಗೇ ನುಗ್ಗುವ ಇಬ್ಬರು ಮರ್ಯಾದಸ್ಥರ ಹಾಗೆ. ಆದ್ದರಿಂದ ಪ್ರತಿ ಯಂತ್ರವೂ ಚೀಟಿ ಎತ್ತಿದಂತೆ ತನ್ನ ಕಾಯುವ ಹೊತ್ತನ್ನು ತಾನೇ ಆರಿಸಿಕೊಳ್ಳುತ್ತದೆ. 1971ರ ಜೂನ್‌ನಲ್ಲಿ ಈ ಜಾಲ ಕೆಲಸ ಆರಂಭಿಸಿತು. ಹೆಸರು ಅಲೋಹಾನೆಟ್, ಅಲೋಹಾ ಅಲ್ಲಿನವರ ನಮಸ್ಕಾರ.

ಇದಕ್ಕೆ ತೆರುವ ಬೆಲೆ ಸಣ್ಣದಲ್ಲ. ಒಂದು ಸಂದೇಶ ಉಳಿಯಬೇಕಾದರೆ ಅದರ ಹಿಂದೆ ಒಂದು, ಮುಂದೆ ಒಂದು, ಹೀಗೆ ಎರಡು ಸಂದೇಶದಷ್ಟು ಅವಧಿಯಲ್ಲಿ ಬೇರಾರೂ ಆರಂಭಿಸಿರಬಾರದು. ಸಂಭವನೀಯತೆಯ ಲೆಕ್ಕ ಹಾಕಿದರೆ ಸಿಗುವುದು 1 ಭಾಗಿಸು 2×2.718. ಅಂದರೆ ಹೆಚ್ಚೆಂದರೆ ಶೇಕಡ 18ರಷ್ಟು ಸಮಯ ಮಾತ್ರ ಸದುಪಯೋಗ. 2.718 ಯಾರೆಂದು ಪಿಯುಸಿಯವರು ಗುರುತಿಸಿರಬೇಕು. 'ಇದು ಎಲ್ಲಿಗೆ ಉಪಯೋಗ ಸಾರ್' ಎಂದು ಕೇಳಿಸಿಕೊಳ್ಳುವ ಅದೇ 'ಇ'! 1972ರಲ್ಲಿ ಲ್ಯಾರಿ ರಾಬರ್ಟ್ಸ್, ಕಾಲವನ್ನು ಸಮ ತುಂಡುಗಳಾಗಿಸಿ ತುಂಡಿನ ಆರಂಭದಲ್ಲಷ್ಟೇ ಕಳಿಸಿದರೆ ಸಾಮರ್ಥ್ಯ ಇಮ್ಮಡಿಯಾಗುತ್ತದೆಂದು ತೋರಿಸಿದರು. ಮೊಬೈಲು ಟವರಿಗೆ ಮೊದಲ ಕೂಗು ಹಾಕುವುದು ಇಂದಿಗೂ ಇದೇ ಜಾತಿಯ ವಿಧಾನದಲ್ಲಿ. ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ರೂಪಿಸಿದ ಈಥರ್‌ನೆಟ್‌ಗೂ ಮೂಲಪ್ರೇರಣೆ ಅಲೋಹಾನೆಟ್ಟೇ.

ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗ ಕೇಳಿದ: 'ಕೂಗುವವರು ಬಹಳ ಹೆಚ್ಚಾದರೆ?' ಡಿಕ್ಕಿ ಹೆಚ್ಚುತ್ತದೆ, ಮರುಕೂಗು ಹೆಚ್ಚುತ್ತದೆ, ಕೊನೆಗೆ ಯಾರದೂ ತಲುಪದು. ಈಥರ್‌ನೆಟ್‌ನಲ್ಲಿ ಡಿಕ್ಕಿಯಾದಂತೆಲ್ಲ ಕಾಯುವ ಮಿತಿಯನ್ನು ಇಮ್ಮಡಿಸುತ್ತ ಹೋಗುವುದು ಇದಕ್ಕಾಗಿಯೇ. ಎಷ್ಟು ಕಾಯಬೇಕೆಂಬುದನ್ನು ಯಂತ್ರ ಅನುಭವದಿಂದ ಕಲಿತೀತೇ ಎಂಬುದು ಇಂದಿನ ಸಂಶೋಧಕರ ಹುಡುಕಾಟ. 'ಹಾಗಾದರೆ ಗಣಿತ ಬಿಡುವ ಹಾಗಿಲ್ಲ' ಎಂದ ಹುಡುಗ, ಅಪ್ಪನ ಮುಖ ನೋಡುತ್ತ.