ಮೂಗು ಎತ್ತಿಸುವ ಮೊದಲು ಹಿಂದೆ ಚೀಲ ಹಾಕಿ ನೋಡಿ

ಖಾಲಿ ಪಿಕಪ್ ಹೇಗೆ ನಿಲ್ಲುತ್ತೆ ಅಂತ ನಮಗೆಲ್ಲ ಗೊತ್ತು. ಹಿಂದೆ ಎತ್ತರ, ಮುಂದೆ ತಗ್ಗು, ಕೆರೆ ದಂಡೇಲಿ ನೀರಿಗೆ ಬಗ್ಗಿದ ಎಮ್ಮೆ ಹಾಗೆ. ಗೊಬ್ಬರದ ಚೀಲ ಹೇರಿದ ಮೇಲೆ ಹಿಂದಿನ ಪ್ಲೇಟು ಕುಗ್ಗಿ ಗಾಡಿ ಸಮ ಆಗುತ್ತೆ. "ಈ ಪಿಕಪ್ಪಿನ ಮೂಗು ಕೆಳಗಿದೆ, ಎತ್ತಿಸ್ಬೇಕು" ಅಂತ ಯಾರೂ ಹೇಳಿದ್ದು ನಾನು ಇವತ್ತಿನವರೆಗೆ ಕೇಳಿಲ್ಲ. ಅದೇ ಗುಣ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಎಸ್‌ಯುವಿಗಳಲ್ಲೂ ಇದೆ. ಹಿಂದೆ ಮೂರು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ಬಿದ್ದಾಗ ಸಮ ಆಗ್ಲಿ ಅಂತಲೇ ಖಾಲಿ ಇದ್ದಾಗ ಹಿಂಭಾಗವನ್ನ ಒಂದು ಚೂರು ಎತ್ತರ ಇಟ್ಟಿರ್ತಾರೆ. ಆದರೆ ಎಸ್‌ಯುವಿ ವಿಷಯದಲ್ಲಿ ನಮ್ಮ ಹುಡುಗರಿಗೆ ಅದೊಂದು ಕುಂದು ಅನ್ನಿಸುತ್ತೆ.

ನಮ್ಮ ಅಕ್ಕನ ಮಗ ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ಏಳು ಸೀಟಿನ ಫೋರ್ ವೀಲ್ ಡ್ರೈವ್ ಗಾಡಿ ತಗೊಂಡ. ಯಾವ ಕಂಪನಿ ಅಂತ ಬರೆಯಲ್ಲ, ಬರೆದರೆ ಕಾಮೆಂಟೆಲ್ಲ ಅದರ ಮೇಲೇ ಹೋಗುತ್ತೆ. ನಿಮಗೆ ಬೇಕಾಗಿರೋದು ಅದರ ಕಟ್ಟು ಅಷ್ಟೆ: ಮುಂದೆ ಎರಡೆರಡು ಆರ್ಮ್, ನಡುವೆ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ಸ್, ಹಿಂದೆ ಇಡೀ ಆಕ್ಸಲ್. ಫಾರ್ಚುನರ್, ಸ್ಕಾರ್ಪಿಯೋ-ಎನ್, 2020ರ ನಂತರದ ಥಾರ್ ಎಲ್ಲದರ ಕಟ್ಟೂ ಹೆಚ್ಚುಕಮ್ಮಿ ಹೀಗೇ. ಗಾಡಿ ಬಂದು ತಿಂಗಳಾಗಿರಲಿಲ್ಲ, "ಮಾವ, ಮುಂದೆ ತಗ್ಗಾಗಿ ಕಾಣುತ್ತೆ, ಒಂದಿಂಚು ಸ್ಪೇಸರ್ ಹಾಕಿಸ್ತೀನಿ" ಅಂದ. "ನೋಡೋಕೆ ಮಾತ್ರ ಆದ್ರೆ ಬೇಡ ಮಾರಾಯ" ಅಂದೆ. ಅಷ್ಟರಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು.

ಸ್ಪೇಸರ್ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ಅಲ್ಯೂಮಿನಿಯಮ್ಮಿನದೋ ಗಟ್ಟಿ ಪ್ಲಾಸ್ಟಿಕ್‌ನದೋ ಒಂದು ದಪ್ಪ ಬಿಲ್ಲೆ. ಮುಂದಿನ ಶಾಕ್ಸ್‌ನ ತಲೆ ಬಾಡಿಗೆ ಬೋಲ್ಟ್ ಆಗುವ ಜಾಗದಲ್ಲಿ ನಡುವೆ ಕೂರಿಸ್ತಾರೆ. ಸ್ಪ್ರಿಂಗ್ ಬದಲಾಗಲ್ಲ, ಶಾಕ್ಸ್ ಬದಲಾಗಲ್ಲ. ಹಾಗಾಗಿ ಕಡಿಮೆ ಖರ್ಚು, ಅರ್ಧ ದಿನದ ಕೆಲಸ. ಇನ್ನೊಂದು ತರದ್ದು ಸ್ಪ್ರಿಂಗಿನ ತಲೆಯ ಮೇಲೇ, ಶಾಕ್ಸ್ ಒಳಗಡೆ ಕೂರುತ್ತೆ. ಅದು ಸ್ಪ್ರಿಂಗನ್ನ ಮೊದಲೇ ಒತ್ತಿ ಹಿಡಿಯುತ್ತೆ, ಚಕ್ರ ಗುಂಡಿಗೆ ಇಳಿಯೋಕೆ ಉಳಿದಿರುವ ಜಾಗ ಕಮ್ಮಿಯಾಗುತ್ತೆ. ಹಂಪ್ ದಾಟಿ ಇಳಿದಾಗ ಮುಂದೆ 'ಠಣ್' ಅಂತ ಹೊಡೆಯುವ ಗಾಡಿಗಳನ್ನ ನೋಡಿರ್ತೀರಲ್ಲ, ಅದರಲ್ಲಿ ಇಂಥವೂ ಇವೆ. ಹಳೇ ಥಾರ್‌ಗೆ, ಅಂದ್ರೆ 2020ಕ್ಕಿಂತ ಹಿಂದಿನದಕ್ಕೆ, ಇದ್ಯಾವುದೂ ಬೇಡ. ಅದರ ಮುಂದೆ ಕಾಯಿಲ್ ಇಲ್ಲ, ಟಾರ್ಷನ್ ಬಾರ್ ಇದೆ, ಬೋಲ್ಟ್ ತಿರುಗಿಸಿದ್ರೆ ಎದ್ದು ಕೂರುತ್ತೆ. ಸುಲಭ ಅಂತ ತಿರುಗಿಸ್ತಾ ಹೋಗುವವರೂ ಇದ್ದಾರೆ, ಆ ಕತೆ ಬೇರೆ.

ಒಂದಿಂಚು ಸ್ಪೇಸರ್ ಹಾಕಿದ್ರೆ ಗಾಡಿ ಒಂದಿಂಚು ಏಳುತ್ತೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಎರಡು ಆರ್ಮಿನ ಗಾಡಿಯಲ್ಲಿ ಹಾಗಾಗಲ್ಲ. ತೋಟದ ಗೇಟಿನ ನಡುಮಧ್ಯ ಹಿಡಿದು ಒಂದಡಿ ತಳ್ಳಿ ನೋಡಿ, ಗೇಟಿನ ತುದಿ ಎರಡಡಿ ಹೋಗಿರುತ್ತೆ. ಇಲ್ಲೂ ಅದೇ. ಶಾಕ್ಸ್‌ನ ಕೆಳತುದಿ ಆರ್ಮಿನ ನಡುವೆ ಎಲ್ಲೋ ಕೂತಿದೆ, ಚಕ್ರ ಇರೋದು ಆರ್ಮಿನ ತುದೀಲಿ. ಇವನ ಗಾಡಿಗೆ ಹಾಕಿದ ಬಿಲ್ಲೆ 25 ಮಿ.ಮೀ., ಎದ್ದಿದ್ದು 47 ಮಿ.ಮೀ. ಎಕ್ಸ್‌ಯುವಿ700, ಕ್ರೆಟಾ ತರದ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಗಾಡಿಯಲ್ಲಾದ್ರೆ ಒಂದಕ್ಕೆ ಹತ್ತಿರ ಹತ್ತಿರ ಒಂದೇ. ನಿಮ್ಮದು ಯಾವ ಕಟ್ಟು ಅಂತ ತಿಳ್ಕೊಳ್ಳದೆ ಬಿಲ್ಲೆಯ ದಪ್ಪ ತೀರ್ಮಾನ ಮಾಡೋದು, ಮಣ್ಣು ಪರೀಕ್ಷೆ ಇಲ್ಲದೆ ಸುಣ್ಣ ಎರಚಿದ ಹಾಗೆ.

ಹಾಕಿಸಿದ ಮೇಲೆ ಗಾಡಿ ನೋಡೋಕೆ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಫೋಟೋಗೆ ಬಂದ ಲೈಕು ನೀವೂ ಕೊಟ್ಟಿರ್ತೀರ. ತೋಟದೊಳಗಿನ ಚರಂಡಿ ದಾಟುವಾಗ ಮುಂದಿನ ಬಂಪರ್ ತಾಗುವುದೂ ನಿಂತಿತು. ಆದರೆ ಹಿಂದಿನ ಆಕ್ಸಲ್ಲಿನ ಗುಂಡು ಎಲ್ಲಿತ್ತೋ ಅಲ್ಲೇ ಇತ್ತು. ಅದನ್ನ ಎತ್ತೋದು ದೊಡ್ಡ ಟೈರು ಮಾತ್ರ, ಯಾವ ಸ್ಪೇಸರೂ ಅಲ್ಲ. ದಾರಿ ಮಧ್ಯದ ದಿಣ್ಣೆಯ ಕಲ್ಲಿಗೆ ತಾಗೋದು ಆ ಗುಂಡೇ ಆದ್ರೆ, ಮೂಗು ಎತ್ತಿಸಿ ಬಂದ ಲಾಭ ಏನು ಅಂತ ನೀವೇ ಲೆಕ್ಕ ಹಾಕಿ.

ರೋಬಸ್ಟಾ ಕುಯ್ಲು ಮುಗೀತಾ ಬಂದಾಗ ಒಂದು ಸಂಜೆ ಅವನು ಹಿಂದಿನ ಸೀಟು ಮಡಚಿ ಆರು ಚೀಲ ಚೆರ್ರಿ ಹಾಕ್ಕೊಂಡು ಹೊರಟ. ಚೀಲಕ್ಕೆ 50 ಕೆ.ಜಿ., ಒಟ್ಟು 300. ನಮ್ಮೂರ ಸೇತುವೆ ಹತ್ತಿರದ ತಿರುವಲ್ಲಿ, ಪಕ್ಕದ ತೋಟದ ಟ್ರಾಕ್ಟರ್ ಓಡಿಸುವ ಹುಡುಗ ಬೈಕಲ್ಲಿ ಎದುರು ಬಂದ. ಬೆಳಕು ನೇರ ಕಣ್ಣಿಗೆ ಹೊಡೆದು, ರಸ್ತೆಯ ಅಂಚು ಕಾಣದೆ ಚರಂಡಿಗೆ ಇಳಿದ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪಟ್ಟಿ. ನಮ್ಮ ಹುಡುಗ ಒಳ್ಳೆಯವನು, ಅವನೇ ಎತ್ತಿ ಆಸ್ಪತ್ರೆಗೆ ಸೇರಿಸಿದ, ಖರ್ಚೂ ಕೊಟ್ಟ. ಆದರೆ ಅವನದು ಒಂದೇ ಮಾತು: "ಮಾವ, ನಾನು ಡಿಮ್‌ನಲ್ಲೇ ಇದ್ದೆ." ಡ್ಯಾಶ್‌ಬೋರ್ಡ್ ಕ್ಯಾಮೆರಾದಲ್ಲೂ ನೋಡಿದೆವು. ಡಿಮ್‌ನಲ್ಲೇ ಇದ್ದ, ಸುಳ್ಳಲ್ಲ.

ಹಾಗಾದ್ರೆ ಆಗಿದ್ದೇನು? ಮಾರನೇ ದಿನ ಟೇಪು ಹಿಡ್ಕೊಂಡು ಕೂತೆವು.

ಅಳೆಯುವ ಬಗ್ಗೆ ಒಂದು ಮಾತು. ನೆಲದಿಂದ ಮಡ್‌ಗಾರ್ಡ್‌ವರೆಗೆ ಅಳೀಬೇಡಿ. ಟೈರಿನ ಗಾಳಿ ಹೆಚ್ಚುಕಮ್ಮಿ ಇದ್ರೆ ಅಳತೆ ಬದಲಾಗುತ್ತೆ. ಕಾಫಿ ಕಣ ಸಮ ಇದೆ ಅಂತ ನಮಗೆ ಅನ್ನಿಸುತ್ತೆ, ಆದರೆ ಮಳೆ ನೀರು ಹರಿದು ಹೋಗ್ಲಿ ಅಂತ ಕಟ್ಟಿಸುವಾಗಲೇ ಓರೆ ಕೊಟ್ಟಿರ್ತೀವಿ. ಚಕ್ರದ ಹಬ್ಬಿನ ನಡುಬಿಂದುವಿನಿಂದ ನೆಟ್ಟಗೆ ಮೇಲೆ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ನಾಲ್ಕೂ ಚಕ್ರದ್ದು ಬರೆದಿಡಿ. ಅಳೆಯುವ ಮುಂಚೆ ಗಾಡಿಯನ್ನ ಹತ್ತು ಹೆಜ್ಜೆ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ. ಜ್ಯಾಕಿಂದ ಇಳಿಸಿದ ಕೂಡಲೇ ಅಳೆದ್ರೆ ಸ್ಪ್ರಿಂಗ್ ಇನ್ನೂ ಕೂತಿರಲ್ಲ.

ಸ್ಪೇಸರ್ ಇದ್ದಾಗ ಮುಂದೆ ಎಡಗಡೆ 555. ಬಿಚ್ಚಿದ ಮೇಲೆ 508. ಹಿಂದೆ ಖಾಲಿಯಲ್ಲಿ 540, ಆರು ಚೀಲ ಹಾಕಿದ ಮೇಲೆ 488. ಅಂದ್ರೆ ಮುಂದೆ 47 ಎದ್ದು, ಹಿಂದೆ 52 ಕುಸಿದು, ಒಟ್ಟು 99 ಮಿ.ಮೀ., ಹತ್ತಿರ ಹತ್ತಿರ ನಾಲ್ಕಿಂಚಿನ ಓರೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಒಂಬತ್ತಡಿ. ಒಂಬತ್ತಡಿಗೆ ನಾಲ್ಕಿಂಚು ಅಂದ್ರೆ ನೂರಡಿ ದೂರಕ್ಕೆ ಮೂರೂವರೆ ಅಡಿ ದಾಟುತ್ತೆ. ಡಿಮ್ ಲೈಟಿನ ಮೇಲಂಚು ಸಾಮಾನ್ಯವಾಗಿ ನೂರಡಿಗೆ ಒಂದಡಿ ಕೆಳಗೆ ಬೀಳುವ ಹಾಗೆ ಇಟ್ಟಿರ್ತಾರೆ. ಆ ಒಂದಡಿ ಕಳೆದ್ರೂ ಬೆಳಕು ಲೈಟಿನ ಮಟ್ಟಕ್ಕಿಂತ ಎರಡೂವರೆ ಅಡಿ ಮೇಲೆ. ಲೈಟೇ ನೆಲದಿಂದ ಸುಮಾರು ಮೂರಡಿ ಎತ್ತರದಲ್ಲಿದೆ. ಕೂಡಿಸಿ ನೋಡಿ, ಐದೂವರೆ ಅಡಿ. ಬೈಕ್ ಮೇಲೆ ಕೂತವನ ಪೂರಾ ಮುಖ ಅದರೊಳಗೆ. ಡಿಮ್ ಸ್ವಿಚ್ ಹಾಕಿದ್ದು ಕೈಗೆ ಮಾತ್ರ ಗೊತ್ತು, ಎದುರಿನವನಿಗೆ ಅದು ಬ್ರೈಟೇ.

ಖಾಲಿ ಗಾಡಿಯಲ್ಲಿ ಬರೀ ಸ್ಪೇಸರ್ ಇದ್ರೂ ಸಾಕು, ಬೆಳಕು ನೂರಡಿಯಲ್ಲಿ ಲೈಟಿನ ಮಟ್ಟಕ್ಕಿಂತ ಅರ್ಧ ಮುಕ್ಕಾಲು ಅಡಿ ಮೇಲೆ ಹೋಗುತ್ತೆ. ಸ್ಪೇಸರ್ ಇಲ್ಲದೆ ಬರೀ ಲೋಡ್ ಹಾಕಿದ್ರೂ ಏಳುತ್ತೆ ಅನ್ನೋದು ನಿಜ. ಅದಕ್ಕೇ ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಬರೆದ ಪುಟ್ಟ ಚಕ್ರ ತುಂಬಾ ಗಾಡಿಗಳಲ್ಲಿ ಇರುತ್ತೆ. ಅದು ಲೋಡಿಗೆ ತಕ್ಕ ಹಾಗೆ ಲೈಟನ್ನ ಕೆಳಗೆ ಬಗ್ಗಿಸೋದು. ನಮ್ಮಲ್ಲಿ ಎಷ್ಟು ಜನ ಅದನ್ನ ಮುಟ್ಟಿದ್ದೀವಿ? ಆದರೆ ಅದು ಲೋಡಿಗೆ ಅಂತ ಮಾಡಿದ್ದು, ಲೋಡಿನ ಜೊತೆ ಎರಡಿಂಚು ಎತ್ತಿದ ಮೂಗಿಗೆ ಅಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಂಜು ಇರುವಾಗ ಎದುರಿನಿಂದ ಇಂಥ ಬೆಳಕು ಬಂದ್ರೆ ಏನು ಗತಿ ಅಂತ ಕೊಟ್ಟಿಗೆಹಾರದವರನ್ನ ಕೇಳಿ.

ಬಿಚ್ಚಿದಾಗ ಇನ್ನೂ ಕೆಲವು ಕಣ್ಣಿಗೆ ಬಿದ್ದವು. ಮುಂದಿನ ಎಡ ಚಕ್ರದ ಒಳಮೈಗೆಲ್ಲ ಗ್ರೀಸ್ ಸಿಡಿದಿತ್ತು. ಮೂಗು ಎದ್ದಾಗ ಡ್ರೈವ್ ಶಾಫ್ಟ್ ಹೆಚ್ಚು ಓರೆಯಲ್ಲಿ ತಿರುಗುತ್ತೆ, ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತೆ. ಹರಿದ ಬೂಟಿನೊಳಗೆ ನಮ್ಮ ಕೆಂಪು ಕೆಸರು ಸೇರಿದ್ರೆ ಜಾಯಿಂಟ್ ಒಂದು ಮಳೆಗಾಲ ಬಾಳೋದು ಕಷ್ಟ. ಜ್ಯಾಕ್ ಹಾಕಿ ಚಕ್ರ ಪೂರ್ತಿ ಇಳಿಬಿಟ್ಟಾಗ ಮೇಲಿನ ಆರ್ಮ್ ಸ್ಪ್ರಿಂಗಿಗೆ ಒರಗಿ ಪೇಂಟ್ ಸವೆದ ಗುರುತೂ ಇತ್ತು. ಟೈರ್ ಮೇಲೆ ಕೈ ಆಡಿಸಿದ್ರೆ ಒಳಗಿಂದ ಹೊರಗೆ ನುಣ್ಣಗೆ, ಹೊರಗಿಂದ ಒಳಗೆ ಗರಗಸದ ಹಾಗೆ ಕಚ್ಚುತ್ತಿತ್ತು. ಎತ್ತರ ಬದಲಾದ್ರೆ ಚಕ್ರದ ಟೋ ಬದಲಾಗುತ್ತೆ, ಕ್ಯಾಸ್ಟರ್ ಕಮ್ಮಿಯಾಗುತ್ತೆ. ಅಂಗಡಿಯವನು ಅಲೈನ್‌ಮೆಂಟ್ ಮಾಡಿಸಿ ಅಂತ ಬಾಯಲ್ಲೂ ಹೇಳಿರಲಿಲ್ಲ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರ್ತಿಲ್ಲ ಅಂತ ಹುಡುಗ ಹೇಳ್ತಾನೇ ಇದ್ದ. ಅದು ಈ ಕ್ಯಾಸ್ಟರ್‌ದೇ ಕೆಲಸ.

ನನಗೆ ಹೆಚ್ಚು ಕುತೂಹಲ ಆಗಿದ್ದು ಬೇರೆ ಅಳತೆ. ಸ್ಪೇಸರ್ ಬಿಚ್ಚಿದ ಮೇಲೆ ಎಡಗಡೆ 508 ಇದ್ರೆ ಬಲಗಡೆ, ಅಂದ್ರೆ ಡ್ರೈವರ್ ಕಡೆ, 499. ಹುಡುಗ ಹೇಳಿದ ಹಾಗೆ ಮೂಗು ನಿಜವಾಗ್ಲೂ ತಗ್ಗಿತ್ತು! ಆದರೆ ಅದು ಕಂಪನಿ ಕೊಟ್ಟ ತಗ್ಗಲ್ಲ, ವಯಸ್ಸಿನ ತಗ್ಗು. ಲಕ್ಷಾಂತರ ಕಿಲೋಮೀಟರ್ ಓಡಿದ ಸ್ಪ್ರಿಂಗ್ ಕುಸಿದಿತ್ತು. ಮೇಲಿಂದ ಹಿಂದಿನ ಮಾಲೀಕ ಮುಂದೆ ಕಬ್ಬಿಣದ ಬುಲ್ ಬಾರ್ ಬೇರೆ ಹಾಕಿಸಿದ್ದ. ಬಿಚ್ಚಿ ಕಾಫಿ ತಕ್ಕಡಿ ಮೇಲಿಟ್ಟೆವು, 38 ಕೆ.ಜಿ. ಅದೂ ಚಕ್ರಕ್ಕಿಂತ ಮುಂದೆ ನೇತಾಡುವ ಭಾರ. ಬಾರ್ ತೆಗೆದ ಕೂಡಲೇ ಮುಂದೆ 9 ಮಿ.ಮೀ. ಎದ್ದಿತು. ಆಮೇಲೆ ಎರಡೂ ಕಡೆ ಹೊಸ ಕಂಪನಿ ಸ್ಪ್ರಿಂಗ್, ಹರಿದಿದ್ದಕ್ಕೆ ಬೂಟು, ಅಲೈನ್‌ಮೆಂಟ್. ಈಗ ಎಡ 529, ಬಲ 528. ಬಿಲ್ಲೆ ಇಲ್ಲದೆ 21 ಮಿ.ಮೀ. ವಾಪಸ್ ಬಂತು. ಚರಂಡಿಯಲ್ಲಿ ಬಂಪರ್ ತಾಗೋದು ಈಗಲೂ ಇಲ್ಲ. ಖರ್ಚು ಸ್ಪೇಸರಿಗಿಂತ ಜಾಸ್ತಿ ಆಯ್ತು, ಅದನ್ನ ಮುಚ್ಚಿಡಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸೋದನ್ನ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅಂತ ಹೇಳಿದೆ. ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ರಸ್ತೆಯಲ್ಲಿ ಯಾರೂ ಹಿಡಿಯಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಯಾರಿಗಾದ್ರೂ ಪೆಟ್ಟಾದ ದಿನ ಇನ್ಶೂರೆನ್ಸ್‌ನವರು ಗಾಡಿಯ ಅಡಿ ಬಗ್ಗಿ ನೋಡ್ತಾರೆ. ಟ್ರಾಕ್ಟರ್ ಹುಡುಗ ಕೇಸ್ ಹಾಕಲಿಲ್ಲ, ಅದು ಅವನ ದೊಡ್ಡತನ.

ಇಷ್ಟಾದ್ರೂ ಸ್ಪೇಸರ್ ಬೇಕೇ ಬೇಕು ಅನ್ನೋರು ಇರ್ತಾರೆ. ನಾನು ಜಗಳಕ್ಕೆ ಬರಲ್ಲ. ನಾಲ್ಕೂ ಚಕ್ರ ಅಳೆದು, ಸ್ಪ್ರಿಂಗ್ ಸರಿ ಇದೆಯಾ ನೋಡಿ. ನೀವು ದಿನಾ ಹೇರುವಷ್ಟು ಲೋಡ್ ಹಾಕಿ ಮತ್ತೆ ಅಳೆಯಿರಿ. ಹತ್ತರಲ್ಲಿ ಎಂಟು ಗಾಡಿಗೆ ಅಲ್ಲಿಗೇ ಉತ್ತರ ಸಿಗುತ್ತೆ ಅಂತ ನನ್ನ ಅಂದಾಜು. ವರ್ಷವಿಡೀ ಒಬ್ಬರೇ ಓಡಾಡೋರು, ಡಿಕ್ಕಿಗೆ ಲ್ಯಾಪ್‌ಟಾಪ್ ಬ್ಯಾಗ್ ಬಿಟ್ರೆ ಬೇರೇನೂ ಹಾಕದೋರು, ಅವರ ಲೆಕ್ಕ ಬೇರೆ. ನಾವು ಚೀಲ ಹೇರೋರು.

ಲೈಟ್ ನೋಡೋದು ಮಾತ್ರ ಎಲ್ಲರೂ ಮಾಡ್ಲೇಬೇಕು, ಸ್ಪೇಸರ್ ಇರ್ಲಿ ಬಿಡ್ಲಿ. ಗೋಡೆಯಿಂದ ಇಪ್ಪತ್ತೈದಡಿ ದೂರ ಗಾಡಿ ನಿಲ್ಲಿಸಿ. ಗಾಡಿ ನಿಂತ ನೆಲ, ಗೋಡೆಯ ಬುಡ ಒಂದೇ ಮಟ್ಟದಲ್ಲಿರಲಿ. ಗಾರೆಯವರ ನೀರಿನ ಪೈಪಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರವೋ ಅಷ್ಟೇ ಎತ್ತರದಲ್ಲಿ ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಿ. ಡಿಮ್‌ನ ಮೇಲಂಚು ಆ ಗೆರೆಗಿಂತ ಮೂರಿಂಚು ಕೆಳಗೆ ಬೀಳಬೇಕು. ಲೋಡ್ ಇದ್ದಾಗ ಗೆರೆ ದಾಟಿದ್ರೆ ಆ ಪುಟ್ಟ ಚಕ್ರ ತಿರುಗಿಸಿ ವಾಪಸ್ ಇಳಿಸಿ, ಎಷ್ಟನೇ ನಂಬರಿಗೆ ಇಳೀತು ಅಂತ ನೆನಪಿಟ್ಟುಕೊಳ್ಳಿ. ಅಕ್ಕನ ಮಗನ ಗಾಡಿಗೆ ಆರು ಚೀಲಕ್ಕೆ 3.

ಆ ಎರಡು ಬಿಲ್ಲೆ ನಮ್ಮ ಗೋಡೌನಿನ ಶೆಲ್ಫ್ ಮೇಲೆ ಬಿದ್ದಿವೆ. ಅರ್ಧ ರೇಟಿಗೆ ಕೊಡಿ ಅಂತ ಇಬ್ಬರು ಫೋನ್ ಮಾಡಿದ್ರು, ಕೊಡಲ್ಲ ಅಂದೆ. ಗೋಡೌನಿನ ಹಿಂದಿನ ಗೋಡೆಗೆ ಗೆರೆ ಹಾಕಿದ್ದು ಹಾಗೇ ಇದೆ, ಮುಂದೆ ಇಪ್ಪತ್ತೈದಡಿ ಗುರುತೂ ಮಾಡಿಟ್ಟಿದ್ದೀವಿ. ಯಾರಾದ್ರೂ ನೋಡ್ಕೋಬೇಕು ಅಂದ್ರೆ ಸಂಜೆ ಏಳರ ಮೇಲೆ ಬನ್ನಿ. ಖಾಲಿ ಬರಬೇಡಿ, ಚೀಲ ಹೇರ್ಕೊಂಡೇ ಬನ್ನಿ.